ಸೊಟ್ಟ ಹಿತ್ತಿಲಿಗೊಂದು ನಕ್ಷೆ

ರಸ್ತೆ ತಿರುಗುವ ಕಡೆ, ಕಾಲುವೆ ಬಾಗುವ ಕಡೆ ಇರುವ ನಿವೇಶನಗಳು ಚೌಕವಾಗಿರುವುದು ಅಪರೂಪ. ಮನೆ ಕಟ್ಟುವವನು ನೇರವಾದ ಭಾಗವನ್ನು ತನಗೆ ಇಟ್ಟುಕೊಂಡು, ಮಿಕ್ಕ ಸೊಟ್ಟ ತುಂಡನ್ನು ಹಿತ್ತಿಲೆಂದು ಬಿಟ್ಟಿರುತ್ತಾನೆ. ಮೊದಲ ಸಲ ಕೈತೋಟ ಮಾಡಹೊರಟವರು ಇಂಥ ನೆಲಕ್ಕೆ ಇಳಿಯುವಾಗ ಗುದ್ದಲಿಯನ್ನು ಹಿಡಿದು ಹೋಗುತ್ತಾರೆ. ಮೊದಲು ಹಿಡಿಯಬೇಕಾದದ್ದು ಅಳತೆಯ ಹಗ್ಗ.

ಮೈಸೂರಿನ ಒಂದು ಹಿತ್ತಿಲನ್ನು ಊಹಿಸಿಕೊಳ್ಳೋಣ. ಅದರ ಬದಿಗಳು ಕ್ರಮವಾಗಿ 14, 13, 13 ಮತ್ತು 4 ಮೀಟರುಗಳು. ಎದುರುಬದುರು ಬದಿಗಳ ಸರಾಸರಿಗಳನ್ನು ಗುಣಿಸುವುದು ಸುಲಭದ ಲೆಕ್ಕ: 13.5 × 8.5, ಅಂದರೆ ಸುಮಾರು 115 ಚದರ ಮೀಟರು. ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ಇದನ್ನು ‘ಸ್ಥೂಲ’ವೆಂದು ಕರೆದು, ಜೊತೆಯಲ್ಲಿಯೇ ‘ಸೂಕ್ಷ್ಮ’ವಾದ ಸೂತ್ರವೊಂದನ್ನು ಕೊಟ್ಟಿದ್ದಾನೆ. ಬದಿಗಳ ಮೊತ್ತದ ಅರ್ಧದಿಂದ ಒಂದೊಂದು ಬದಿಯನ್ನೂ ಕಳೆದು, ಬಂದ ನಾಲ್ಕು ಸಂಖ್ಯೆಗಳನ್ನು ಗುಣಿಸಿ, ವರ್ಗಮೂಲವನ್ನು ತೆಗೆಯಬೇಕು. 8 × 9 × 9 × 18 = 11,664; ವರ್ಗಮೂಲ 108. ಆದರೆ ಈ ಸೂತ್ರ ಸಲ್ಲುವುದು ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಬೀಳುವ ಚತುರ್ಭುಜಕ್ಕೆ ಮಾತ್ರ. ನಮ್ಮ ಹಿತ್ತಿಲು ಅಂಥದೆಂದು ಹೇಳಿದವರಾರು?

ನಾಲ್ಕು ಬಿದಿರು ಸೀಳುಗಳನ್ನು ತುದಿಗೆ ತುದಿ ಸೇರಿಸಿ ದಾರದಿಂದ ಕಟ್ಟಿ ನೋಡಿ. ಒಂದು ಮೂಲೆಯನ್ನು ಒತ್ತಿದರೆ ಸೀಳುಗಳ ಉದ್ದ ಬದಲಾಗದಿದ್ದರೂ ಆಕಾರ ಕುಗ್ಗುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಸೀಳೊಂದನ್ನು ಕಟ್ಟಿದೊಡನೆ ಚೌಕಟ್ಟು ಬಿಗಿಯಾಗುತ್ತದೆ. ಏಕೆಂದರೆ ಈಗ ಅದು ಎರಡು ತ್ರಿಭುಜಗಳು. ಆದುದರಿಂದ ನೆಲದಲ್ಲಿ ಕರ್ಣವನ್ನು ಅಳೆಯದೆ ವಿಸ್ತೀರ್ಣವನ್ನು ಹೇಳಲು ಬಾರದು. 14 ಮತ್ತು 4 ಮೀಟರಿನ ಬದಿಗಳು ಕೂಡುವ ಮೂಲೆಯಿಂದ ಎಳೆದ ಕರ್ಣ 15 ಮೀಟರಾದರೆ ತ್ರಿಭುಜಗಳು 84 ಮತ್ತು 24, ಒಟ್ಟು 108 ಚದರ ಮೀಟರು. ಅದೇ ಕರ್ಣ 10 ಮೀಟರಾಗಿದ್ದರೆ, ಬದಿಗಳು ಅವೇ ಆಗಿದ್ದರೂ ಸಿಕ್ಕುವುದು ಸುಮಾರು 77 ಮಾತ್ರ! 115ರ ಲೆಕ್ಕದಲ್ಲಿ ಗೊಬ್ಬರ ತರಿಸಿದವನಿಗೆ ಮೂರರಲ್ಲೊಂದು ಪಾಲು ಹಣ ದಂಡ. ನಮ್ಮ ಕರ್ಣ 15 ಎಂದೇ ಇಟ್ಟುಕೊಳ್ಳೋಣ.

ಇನ್ನು ದಿಕ್ಕು. ಮಟ್ಟವಾದ ನೆಲದಲ್ಲಿ ನೆಟ್ಟಗೆ ಒಂದು ಕೋಲನ್ನು ನೆಟ್ಟು, ಅದರ ಬುಡವನ್ನು ಕೇಂದ್ರವಾಗಿಟ್ಟು ವೃತ್ತವನ್ನು ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಬಿಂದುವನ್ನೂ, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವ ಬಿಂದುವನ್ನೂ ಗುರುತಿಸಿ ಸೇರಿಸಿದರೆ ಅದೇ ಪೂರ್ವ–ಪಶ್ಚಿಮ ರೇಖೆ. ನಮ್ಮ ಪ್ರಾಚೀನ ಜ್ಯೋತಿಷಿಗಳ ಶಂಕು ಇದೇ.

ಮೈಸೂರಿನ ಅಕ್ಷಾಂಶ ಉತ್ತರ 12.3 ಡಿಗ್ರಿ. ಡಿಸೆಂಬರ್ ಕೊನೆಯ ವಾರಗಳಲ್ಲಿ ನಡುಹಗಲ ಸೂರ್ಯ ದಕ್ಷಿಣದಲ್ಲಿ, ದಿಗಂತದಿಂದ 54 ಡಿಗ್ರಿ ಮೇಲಿರುತ್ತಾನೆ. ಆಗ ದಕ್ಷಿಣದ ಕಡೆಯ 2 ಮೀಟರು ಎತ್ತರದ ಗೋಡೆ ಹಿತ್ತಿಲೊಳಗೆ 1.4 ಮೀಟರಿನಷ್ಟು ನೆರಳನ್ನು ಚೆಲ್ಲುತ್ತದೆ. ಏಪ್ರಿಲ್ 23 ಮತ್ತು ಆಗಸ್ಟ್ 20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುವುದರಿಂದ ನಡುಹಗಲಲ್ಲಿ ಗೋಡೆಗೆ ನೆರಳೇ ಇಲ್ಲ. ಜೂನಿನಲ್ಲಿ ಆತ ಉತ್ತರಕ್ಕೆ ಸರಿದಿರುತ್ತಾನೆ. ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ ಕೇವಲ 40 ಸೆಂಟಿಮೀಟರು. ಇಂಗ್ಲೆಂಡಿನ ತೋಟಗಾರಿಕೆಯ ಪುಸ್ತಕಗಳನ್ನು ಇಲ್ಲಿ ಕುರುಡಾಗಿ ಅನುಸರಿಸಬಾರದೆಂಬುದು ಇದಕ್ಕಾಗಿಯೇ: ಅಲ್ಲಿ ನಡುಹಗಲ ನೆರಳು ವರ್ಷವೆಲ್ಲ ಉತ್ತರಕ್ಕೇ ಬೀಳುತ್ತದೆ. ನಮ್ಮಲ್ಲಿ ದಕ್ಷಿಣದ ಗೋಡೆಯ ಪಕ್ಕದ ಪಟ್ಟಿಯನ್ನು ಕಾಲುದಾರಿಗೆ ಬಿಟ್ಟರೆ ಸಾಕು. ಪಶ್ಚಿಮದ ಗೋಡೆಯ ಸಂಜೆಯ ನೆರಳಾದರೋ ಬೇಸಿಗೆಯಲ್ಲಿ ಸೊಪ್ಪಿನ ಮಡಿಗೆ ವರವೇ ಸರಿ. ಹೀರೆ, ಹಾಗಲಗಳ ಚಪ್ಪರ ಉತ್ತರದಂಚಿಗೆ ಇರಲಿ.

ಮಡಿಗಳ ಅಗಲ 1.2 ಮೀಟರು ಮೀರಬಾರದು. ಎರಡು ಬದಿಯಿಂದಲೂ ಕೈ 60 ಸೆಂಟಿಮೀಟರು ಒಳಗೆ ಎಟುಕುವುದರಿಂದ ಮಡಿಯನ್ನು ತುಳಿಯಬೇಕಾಗಿಲ್ಲ. ತುಳಿದ ಮಣ್ಣಿನ ಸೂಕ್ಷ್ಮರಂಧ್ರಗಳು ಮುಚ್ಚಿಕೊಂಡು ಬೇರಿಗೆ ಗಾಳಿ ಸಿಗದು, ನೀರೂ ಇಂಗದು. ಮಡಿಗಳನ್ನು ದೊಡ್ಡ ತ್ರಿಭುಜದಲ್ಲಿ, 14 ಮೀಟರಿನ ಬದಿಗೆ ಸಮಾನಾಂತರವಾಗಿ ಹಾಕಿ. ಚಿಕ್ಕ ತ್ರಿಭುಜದ ಚೂಪು ತುದಿಯಲ್ಲಿ ನೇರ ಸಾಲುಗಳನ್ನು ತುರುಕುವ ಹಟ ಬೇಡ. ಗೊಬ್ಬರದ ಗುಂಡಿಗೆ, ಕರಿಬೇವಿನ ಗಿಡಕ್ಕೆ ಮೂಲೆ ಎಷ್ಟು ಸೊಟ್ಟಗಿದ್ದರೂ ಬಾಧಕವಿಲ್ಲ.

ಎಷ್ಟು ಮಡಿಗಳು? ಇದನ್ನು ನಿರ್ಧರಿಸುವುದು ನೆಲವಲ್ಲ, ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ಬೇಸಿಗೆಯಲ್ಲಿ ತುಂಬಿ ಬೆಳೆದ ಮಡಿ ದಿನಕ್ಕೆ ಸುಮಾರು 5 ಮಿಲಿಮೀಟರನ್ನು ಗಾಳಿಗೆ ಬಿಟ್ಟುಕೊಡುತ್ತದೆ. 108 ಚದರ ಮೀಟರಿಗೂ ಬೆಳೆ ಹಾಕಿದರೆ ದಿನಕ್ಕೆ 540 ಲೀಟರು. 15 ಲೀಟರಿನ ಬಕೆಟ್ಟಿನಲ್ಲಿ 36 ಸಲ! ಹೊತ್ತವರು ವಾರದೊಳಗೆ ಕೈಬಿಡುತ್ತಾರೆ, ಮಡಿಗಳೆಲ್ಲ ಒಟ್ಟಿಗೆ ಒಣಗುತ್ತವೆ. 4 ಮೀಟರು ಉದ್ದದ ಆರು ಮಡಿಗಳಾದರೆ ವಿಸ್ತೀರ್ಣ 29 ಚದರ ಮೀಟರಿಗೂ ಕಡಮೆ. ಹತ್ತು ಬಕೆಟ್ಟು ಸಾಕು. ಮೊದಲ ವರ್ಷಕ್ಕೆ ಇಷ್ಟೇ ಇರಲಿ.

ಕೊನೆಗೆ, ಪಾರದರ್ಶಕವಾದ ಕೊಳವೆಯೊಂದರಲ್ಲಿ ಗಾಳಿಗುಳ್ಳೆಗಳಿಲ್ಲದಂತೆ ನೀರು ತುಂಬಿ, ಎರಡು ತುದಿಗಳನ್ನೂ ಎರಡು ಗೂಟಗಳ ಪಕ್ಕ ಎತ್ತಿ ಹಿಡಿದರೆ ನೀರಿನ ಮಟ್ಟ ಎರಡರಲ್ಲಿಯೂ ಒಂದೇ. ಆ ಮಟ್ಟದಿಂದ ನೆಲ ಎಲ್ಲಿ ಹೆಚ್ಚು ಆಳದಲ್ಲಿದೆಯೋ ಅದೇ ತಗ್ಗಿನ ಮೂಲೆ. ಬಚ್ಚಲ ನೀರಿನ ಕಾಲುವೆಯನ್ನು ಅತ್ತ ತಿರುಗಿಸಿ, ಅಲ್ಲಿ ಎರಡು ಬಾಳೆಯ ಕಂದುಗಳನ್ನು ನೆಡಬಹುದು.