ಹೆಸರಿಗಿಂತ ಮೊದಲು ಅಲಗು ನೋಡು

ಮಗಳೇ,

ಡಸೆಲ್‌ಡಾರ್ಫಿಗೆ ಹೋದಮೇಲೆ ನೀನು ಮರಗೆಲಸಕ್ಕೆ ಕೈಹಾಕಿದ್ದೀಯ, ಒಂದೊಂದಾಗಿ ಒಳ್ಳೆಯ ಕೈಹತಾರ ಕೂಡಿಸುತ್ತಿದ್ದೀಯ ಎಂದು ನಿನ್ನಪ್ಪ ಹೇಳಿದ. ಬಹಳ ಸಂತೋಷವಾಯಿತು. ಆಯುಷ್ಯದ ಬಹುಪಾಲು ಟೂಲ್‌ರೂಮಿನಲ್ಲಿ ಕಳೆದ ನಿನ್ನ ದೊಡ್ಡಪ್ಪನಿಗೆ ಈ ವಿಷಯದಲ್ಲಿ ನಾಲ್ಕು ಮಾತು ಹೇಳದೆ ಇರಲಾಗುವುದಿಲ್ಲ.

ಯುರೋಪಿನ ಹತಾರ ಎಂದರೆ ದೊಡ್ಡ ದೊಡ್ಡ ಹೆಸರುಗಳ ಸಂತೆ. ಹೆಸರು ನೋಡಿ ಕೊಂಡವರ ಬಳಿ ಕೊನೆಗೆ ಉಳಿಯುವುದು ಹೆಸರು ಮಾತ್ರ. ಇದನ್ನು ಯಾಕೆ ಹೀಗೆ ಮಾಡಿದ್ದಾರೆ ಎಂದು ಕೇಳಿ, ತಿಳಿದು ಕೊಂಡವರಿಗೆ ಕಣ್ಣು ಪಳಗುತ್ತದೆ, ಕೈ ಪಳಗುತ್ತದೆ. ನಾನು ಹೇಳುವುದರ ತಿರುಳು ಇಷ್ಟೇ: ಮೊದಲು ಗುಣ ಗುರುತಿಸಲು ಕಲಿ, ಆಮೇಲೆ ಕೂಡಿಸು.

ಕಲಿಯಲು ನೀನಿರುವ ಜಾಗಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಿನ್ನ ಊರಿನಿಂದ ರೈಲು ಹತ್ತಿದರೆ ಹತ್ತಿರದಲ್ಲೇ ರೆಮ್‌ಶೈಡ್, ಅದರ ಪಕ್ಕದಲ್ಲಿ ವುಪ್ಪರ್ಟಾಲಿನ ಕ್ರೋನೆನ್‌ಬರ್ಗ್. ಆ ಗುಡ್ಡಗಾಡಿನ ಹಳ್ಳಗಳ ನೀರೇ ಒಂದು ಕಾಲದಲ್ಲಿ ಕುಲುಮೆಯ ದೊಡ್ಡ ಸುತ್ತಿಗೆಗಳನ್ನೂ ಸಾಣೆಕಲ್ಲುಗಳನ್ನೂ ತಿರುಗಿಸುತ್ತಿತ್ತು. ಕಬ್ಬಿಣ ಬಡಿಯುವ ಕಸುಬು ಅಲ್ಲಿ ಮನೆಮನೆಯಲ್ಲಿ ಬೇರುಬಿಟ್ಟಿತು. ಕಿರ್ಶೆನ್ ಉಳಿಗಳು 1858ರಿಂದ, ಸ್ಟಾಲ್‌ವಿಲ್ಲೆ ಸ್ಪ್ಯಾನರ್ 1862ರಿಂದ, ಹಾಝೆಟ್ 1868ರಿಂದ, ಕ್ನಿಪೆಕ್ಸ್ ಇಕ್ಕಳ 1882ರಿಂದ, ಗೆಡೋರೆ 1919ರಿಂದ. ಇವೆಲ್ಲ ಹುಟ್ಟಿದ್ದು ಒಂದೇ ಸೀಮೆಯಲ್ಲಿ. ರೆಮ್‌ಶೈಡಿನಲ್ಲಿ ಹತಾರಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಅಂಗಡಿಗೆ ಹೋಗುವ ಮೊದಲು ಅಲ್ಲಿಗೆ ಹೋಗು. ತಯಾರಾದ ಹತಾರ ಅಂಗಡಿಯಲ್ಲಿ ಸಿಗುತ್ತದೆ. ಅದು ಕಬ್ಬಿಣದ ತುಂಡಿನಿಂದ ಹತಾರವಾಗುವ ದಾರಿ ಅಲ್ಲಿ ಮಾತ್ರ ಕಾಣುತ್ತದೆ.

ಈಗ ಒಂದು ಉಳಿಯನ್ನು ಕೈಗೆ ತೆಗೆದುಕೋ. ಮುಕ್ಕಾಲು ಇಂಚಿನದು ಸಾಕು. ಮೊದಲು ಅದರ ಬೆನ್ನು ನೋಡು, ಅಂದರೆ ಓರೆ ಇಲ್ಲದ ಚಪ್ಪಟೆ ಮೈ. ಉಳಿಯ ಪ್ರಾಣ ಇರುವುದು ಅಲ್ಲಿ. ಅಲಗು ಎಂದರೆ ಓರೆಯೂ ಬೆನ್ನೂ ಕೂಡುವ ಗೆರೆ ತಾನೆ? ಎರಡರಲ್ಲಿ ಒಂದು ಡೊಂಕಾದರೂ ಗೆರೆ ಸರಿಯಾಗುವುದಿಲ್ಲ. ಉಕ್ಕಿನ ಅಳತೆಪಟ್ಟಿಯ ಅಂಚನ್ನು ಬೆನ್ನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿ. ನಡುವೆ ಚೂರು ತಗ್ಗಿದ್ದರೆ ಚಿಂತೆಯಿಲ್ಲ, ಮಸೆದರೆ ಅಂಚು ಬೇಗ ಮಟ್ಟವಾಗುತ್ತದೆ. ನಡುವೆ ಉಬ್ಬಿದ್ದರೆ ಹಿಂದಕ್ಕೆ ಕೊಟ್ಟುಬಿಡು. ಆಮೇಲೆ ಉಳಿಯ ಎರಡು ಪಕ್ಕಗಳನ್ನು ನೋಡು. ಮೇಲ್ಮೈಯಿಂದ ಬೆನ್ನಿನವರೆಗೆ ತೆಳ್ಳಗೆ ಇಳಿದಿದ್ದರೆ ಮೂಲೆಗಚ್ಚಿನ ಸಂದಿಗೆ ಹೋಗುತ್ತದೆ. ಅಂಥ ಉಳಿಯಲ್ಲೂ ಪಕ್ಕ ದಪ್ಪ ಉಳಿಸಿದ್ದರೆ ಸಾಣೆ ಹಿಡಿದವರು ಅವಸರ ಮಾಡಿರಬಹುದು. ಕೊನೆಗೆ ಹಿಡಿಯ ತುದಿಯಿಂದ ಅಲಗಿನವರೆಗೆ ಒಂದು ಕಣ್ಣು ಮುಚ್ಚಿ ನೋಡು. ಹಿಡಿಯೂ ಅಲಗೂ ಒಂದೇ ನೇರಕ್ಕಿರಬೇಕು. ಇಲ್ಲದಿದ್ದರೆ ಕೊಡತಿಯ ಏಟು ಒಂದು ಕಡೆಗೆ, ಉಳಿ ಇನ್ನೊಂದು ಕಡೆಗೆ.

ಇಷ್ಟು ನೋಡಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಅಚ್ಚೊತ್ತಿದ ಗುರುತನ್ನು ಓದಬೇಡ. ನೋಡಿ ಮುಗಿದಮೇಲೆ ಓದು. ಗುಣ ಮೊದಲು ಕಂಡು ಹೆಸರು ಆಮೇಲೆ ಕಂಡರೆ, ಆ ಹೆಸರಿನ ಮೇಲೆ ನಿನಗೆ ಹುಟ್ಟುವ ಗೌರವ ನಿನ್ನದೇ ಆಗಿರುತ್ತದೆ.

ಗುರುತಿಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಗುರುತು ಎಂದರೆ ಕೊಟ್ಟ ಮಾತು. ಇವತ್ತು ಪೂಜೋ ಕಾರಿನ ಮೇಲೆ ಕಾಣುವ ಸಿಂಹ ಮೊದಲು ಗರಗಸದ ಅಲಗಿನ ಮೇಲಿದ್ದ ಸಿಂಹ. 1858ರಲ್ಲಿ ಫ್ರಾನ್ಸಿನಲ್ಲಿ ಅದನ್ನು ನೋಂದಾಯಿಸಿದರು. ಸಿಂಹದ ಹಲ್ಲಿನ ಗಟ್ಟಿತನ, ಬೆನ್ನುಮೂಳೆಯ ಬಾಗು, ಓಟದ ವೇಗ, ಈ ಮೂರೂ ತಮ್ಮ ಗರಗಸದಲ್ಲಿವೆ ಎನ್ನುವುದು ಅದರ ಅರ್ಥ. ಗರಗಸ ಕೊಳ್ಳುವಾಗ ಇವತ್ತಿಗೂ ಪರೀಕ್ಷೆ ಆ ಮೂರೇ. ಅಲಗನ್ನು ಮೆಲ್ಲಗೆ ಬಾಗಿಸಿ ಬಿಡು, ಮರಳಿ ನೆಟ್ಟಗಾಗಬೇಕು. ಹಲ್ಲುಗಳ ತುದಿಯನ್ನು ಬೆಳಕಿಗೆ ಹಿಡಿ, ಎತ್ತರ ಒಂದೇ ಸಮ ಇರಬೇಕು. ಮರಕ್ಕೆ ಇಟ್ಟು ಎಳೆದು ನೋಡು, ಒತ್ತದೆಯೇ ಕೊಯ್ಯಬೇಕು.

ಹಳೆಯ ಇಂಗ್ಲಿಷ್ ಉಳಿಗಳ ಮೇಲೆ 'ಕಾಸ್ಟ್ ಸ್ಟೀಲ್' ಎಂಬ ಅಚ್ಚು ಕಾಣುತ್ತದೆ. ಅದರ ಹಿಂದೆ ಶೆಫೀಲ್ಡಿನ ಕಥೆಯಿದೆ. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರನಿಗೆ ಸ್ಪ್ರಿಂಗಿಗೆ ಬೇಕಾದ ಒಂದೇ ಹದದ ಉಕ್ಕು ಸಿಗುತ್ತಿರಲಿಲ್ಲ. 1740ರ ದಶಕದಲ್ಲಿ ಅವನು ಉಕ್ಕನ್ನು ಮಣ್ಣಿನ ಮೂಸೆಯಲ್ಲಿಟ್ಟು, ಕೋಕ್ ಬೆಂಕಿಯಲ್ಲಿ ಪೂರ್ತಿ ಕರಗಿಸುವ ದಾರಿ ಕಂಡುಕೊಂಡ. ಕರಗಿದ ಉಕ್ಕಿನಲ್ಲಿ ಗಂಟು, ಕಲ್ಮಶ ಉಳಿಯದೆ ಒಳಗೆಲ್ಲ ಒಂದೇ ಗುಣ ಬರುತ್ತದೆ. ಶೆಫೀಲ್ಡಿನ ಅಲಗುಗಳು ಜಗತ್ತಿನಲ್ಲೆಲ್ಲ ಹೆಸರಾದದ್ದಕ್ಕೆ ಇದೊಂದು ದೊಡ್ಡ ಕಾರಣ. ಆ ಅಚ್ಚಿರುವ ಉಳಿ ಹಳೆ ಸಾಮಾನಿನ ರಾಶಿಯಲ್ಲಿ ಸಿಕ್ಕರೆ, ಬೆನ್ನಿನ ಮೇಲೆ ಆಳವಾದ ತುಕ್ಕಿನ ಗುಳಿಗಳಿಲ್ಲದಿದ್ದರೆ, ಬಿಡಬೇಡ.

ಇದನ್ನು ಓದುವಾಗ ನಮ್ಮ ನೆಲದ ಮಾತನ್ನೂ ನೆನಪಿಡು. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಹಂಟ್ಸ್‌ಮನ್‌ಗಿಂತ ಬಹಳ ಹಿಂದಿನದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 1795ರಲ್ಲೇ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದ್ದರು. ಮೈಕೇಲ್ ಫ್ಯಾರಡೆ ಕೂಡ ಅದರ ಗುಟ್ಟು ಹುಡುಕಲು ಪ್ರಯೋಗ ಮಾಡಿದ. ಒಳ್ಳೆಯದನ್ನು ಮೆಚ್ಚುವಾಗ ನಮ್ಮವರನ್ನು ಕಡಿಮೆ ಮಾಡಿ ನೋಡುವ ಚಾಳಿ ಬೇಡ. ಹತಾರದ ಲೋಕದಲ್ಲಿ ವಿದ್ಯೆ ಎರಡು ದಿಕ್ಕಿಗೂ ಹರಿದಿದೆ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಿಂದ. ನಮ್ಮ ಊರಿನ ಪ್ರತಿಯೊಂದು ಗ್ಯಾರೇಜಿನಲ್ಲೂ ಇರುವ ಟಪಾರಿಯಾ ಸ್ಪ್ಯಾನರು ಬಂದದ್ದು ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ಸಹಕಾರದಿಂದ, 1969ರಲ್ಲಿ.

ಸ್ವೀಡನ್ ಎಂದಾಗ ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರಿನ ಮಾತು ಹೇಳಲೇಬೇಕು. ಎನ್‌ಶಾಪಿಂಗ್ ಊರಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ 1892ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಾಕೊ ಎಂಬ ಹೆಸರಿನಲ್ಲಿ ಅದು ಜಗತ್ತು ಸುತ್ತಿತು. ಈ ಸ್ಪ್ಯಾನರನ್ನು ಬಹಳ ಜನ ತಿರುವುಮುರುವಾಗಿ ಹಿಡಿಯುತ್ತಾರೆ. ಎಳೆಯುವ ಭಾರ ಅಲ್ಲಾಡದ ದವಡೆಯ ಮೇಲೆ ಬೀಳಬೇಕು, ಸರಿಯುವ ದವಡೆಯ ಮೇಲಲ್ಲ. ಹಾಗೆ ಹಿಡಿದರೆ ನಟ್ಟಿನ ಮೂಲೆ ಸವೆಯುವುದಿಲ್ಲ, ಸ್ಪ್ಯಾನರೂ ಸಡಿಲವಾಗುವುದಿಲ್ಲ. ಒಳ್ಳೆಯ ಹತಾರವನ್ನು ಮೆಚ್ಚುವುದು ಎಂದರೆ ಅದು ಕೇಳುವ ರೀತಿಯಲ್ಲಿ ಹಿಡಿಯುವುದೂ ಹೌದು.

ಫ್ರಾನ್ಸಿನ ಮರದ ಅರಗಳನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡು. ಓರಿಯು ಎಂಬ ಮನೆತನ 1856ರಿಂದ ಇದನ್ನು ಮಾಡುತ್ತ ಬಂದಿದೆ. ಮೊನಚು ಉಳಿಯಿಟ್ಟು, ಸುತ್ತಿಗೆಯಿಂದ ಒಂದೊಂದೇ ಏಟು ಹಾಕಿ ಒಂದೊಂದೇ ಹಲ್ಲು ಎಬ್ಬಿಸುತ್ತಾರೆ. ಯಂತ್ರ ಕಡಿದ ಅರದಲ್ಲಿ ಹಲ್ಲುಗಳು ನೇರ ಸಾಲಿನಲ್ಲಿರುತ್ತವೆ, ಒಂದರ ಹಿಂದೆ ಒಂದು ಹೋಗಿ ಮರದಲ್ಲಿ ಗೀರು ಬೀಳುತ್ತದೆ. ಕೈಯಲ್ಲಿ ಎಬ್ಬಿಸಿದ ಹಲ್ಲುಗಳ ಸಾಲು ಕೂದಲೆಳೆಯಷ್ಟು ಅತ್ತಿತ್ತ ಆಗುತ್ತದೆ. ಒಂದು ಹಲ್ಲು ಬಿಟ್ಟದ್ದನ್ನು ಮುಂದಿನ ಹಲ್ಲು ಕೆರೆಯುತ್ತದೆ, ಮೈ ನುಣುಪಾಗಿ ಉಳಿಯುತ್ತದೆ. ಅದರ ಬೆಲೆ ಜಾಸ್ತಿ ಎನಿಸಿದಾಗ ಆ ಏಟುಗಳನ್ನು ನೆನೆಸಿಕೋ. ಮನುಷ್ಯನ ಕೈಯ ಅಳತೆ ಯಂತ್ರದ ಅಳತೆಗಿಂತ ಕೆಲಸಕ್ಕೆ ಹೆಚ್ಚು ಒದಗುವ ಜಾಗಗಳು ಇವೆ. ಇದು ಅದರಲ್ಲೊಂದು.

ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಿಲ್ಲ. ಭಾನುವಾರದ ಹಳೆ ಸಾಮಾನಿನ ಸಂತೆಗಳಲ್ಲಿ ನಿನ್ನ ಕಣ್ಣು ಬಲು ಬೇಗ ಬೆಳೆಯುತ್ತದೆ. ಅಲ್ಲಿ ಮೂರು ಮಾತು ಮರೆಯಬೇಡ.

ಮೊದಲನೆಯದು, ಮೇಲಿನ ತುಕ್ಕಿಗೆ ಹೆದರಬೇಡ, ಬಿರುಕಿಗೆ ಹೆದರು. ಎರಕದ ಉಜ್ಜುಗೊರಡಾದರೆ ಬಾಯಿಯ ಎರಡು ಬದಿ ಚೆನ್ನಾಗಿ ನೋಡು. ಅಲ್ಲಿ ಸೀಳಿದ್ದರೆ ಆ ಹತಾರದ ಆಯುಷ್ಯ ಮುಗಿದಿದೆ.

ಎರಡನೆಯದು, ಅಲಗು ನೀಲಿಯಾಗಿದ್ದರೆ ಅನುಮಾನಪಡು. ಯಾರೋ ನೀರು ಮುಟ್ಟಿಸದೆ ಗ್ರೈಂಡರಿಗೆ ಹಿಡಿದಿದ್ದಾರೆ. ಹಳೆಯ ಕಾರ್ಬನ್ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನೀಲಿಯಾಗುತ್ತದೆ, ಹದ ಹೋಗಿ ಅಂಚು ಮೆತ್ತಗಾಗುತ್ತದೆ. ನೀಲಿ ಭಾಗವನ್ನು ನಿಧಾನವಾಗಿ ಮಸೆದು ತೆಗೆದಮೇಲೆ ಉಳಿದದ್ದು ಬಳಕೆಗೆ ಸಾಲುವಷ್ಟಿದೆಯೇ ಎಂದು ಲೆಕ್ಕ ಹಾಕಿ ಕೊಳ್ಳು.

ಮೂರನೆಯದು, ತೊಳೆಯುವ ಭರದಲ್ಲಿ ಹಿಂದಿನವರನ್ನು ಅಳಿಸಬೇಡ. ಹಳೆಯ ಮರದ ಉಜ್ಜುಗೊರಡಿನ ಮೂತಿಯ ಮೇಲೆ ಒಂದರ ಕೆಳಗೆ ಒಂದು ಎರಡು ಮೂರು ಹೆಸರು ಒತ್ತಿರುವುದುಂಟು. ಅವುಗಳಲ್ಲಿ ಹೆಚ್ಚಿನವು ಅದನ್ನು ಹಿಡಿದು ದುಡಿದ ಬಡಗಿಗಳ ಹೆಸರು. ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರ ಬಡಗಿಗಳ ಹತಾರಗಳಲ್ಲಿ ಕಬ್ಬಿಣವೆಲ್ಲ ಹೆಚ್ಚುಕಡಿಮೆ ಕರಗಿಹೋಗಿ, ಮರದ ಮೈ ಉಳಿದಿತ್ತು. ಕೈ ತಾಗಿ ಸವೆದ ಆ ಮರದಿಂದಲೇ ನಾವು ಆ ಜನರ ಕೆಲಸ ಓದುತ್ತೇವೆ. ಸ್ಯಾಂಡ್‌ಪೇಪರ್ ಹಾಕಿ ಹೊಳೆಸಿದರೆ ಆ ಬರಹ ಹೋಯಿತು. ಎಣ್ಣೆ, ನಯವಾದ ಉಕ್ಕಿನ ನಾರು, ತಾಳ್ಮೆ ಇಷ್ಟು ಸಾಕು. ಆನೆದಂತದ ಹಳೆಯ ಅಳತೆಪಟ್ಟಿ ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟಬೇಡ. ಕಾನೂನಿನ ಮಾತು ಒಂದು ಕಡೆ ಇರಲಿ, ಅದು ನಮ್ಮ ಮನೆಗೆ ಬೇಡ.

ಮುಂದೆ ಊರಿಗೆ ಬರುವಾಗ ಇವನ್ನು ತರುತ್ತೀಯ. ಕ್ಯಾಬಿನ್ ಚೀಲದಲ್ಲಿ ಉಳಿ ಇಡಬೇಡ, ಚೆಕ್-ಇನ್ ಪೆಟ್ಟಿಗೆಯಲ್ಲಿ ಅಲಗಿಗೆ ದಪ್ಪ ರಟ್ಟು ಸುತ್ತಿ ಇಡು. ಇಲ್ಲಿಗೆ ಬಂದಮೇಲೆ ಎರಡು ಬದಲಾವಣೆ ಬೇಕು. ಅಲ್ಲಿನ ಪೈನ್, ಲಿಂಡನ್ ಮರಕ್ಕೆ 25 ಡಿಗ್ರಿಯ ಓರೆ ನಡೆಯುತ್ತದೆ. ನಮ್ಮ ತೇಗದೊಳಗೆ ಮರಳಿನ ಅಂಶವಿದೆ, ಬೀಟೆ ಕಲ್ಲಿನಂತೆ ಗಟ್ಟಿ. ಅವಕ್ಕೆ ಅಲಗಿನ ತುದಿಯಲ್ಲಿ 30ರಿಂದ 35 ಡಿಗ್ರಿ ಇಡು. ಇಲ್ಲದಿದ್ದರೆ ಒಳ್ಳೆಯ ಉಕ್ಕೂ ಹಲ್ಲು ಮುರಿದುಕೊಳ್ಳುತ್ತದೆ, ನೀನು ಹತಾರವನ್ನು ದೂರುತ್ತೀಯ. ಎರಡನೆಯದು ಹವೆ. ಬೇಸಿಗೆಯಲ್ಲಿ ಹಿಡಿ ಒಣಗಿ ಸಡಿಲವಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಸವರು, ಕೊಬ್ಬರಿ ಎಣ್ಣೆ ಬೇಡ, ಅದು ಕಮಟುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡ. ಒಳಗೇ ಬಿಸಿಯೇರಿ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಹಾಕು. ಆಯುಧಪೂಜೆ ವರ್ಷಕ್ಕೊಮ್ಮೆ ಬರುತ್ತದೆ, ಎಣ್ಣೆಬಟ್ಟೆ ಮಾತ್ರ ಪ್ರತಿದಿನದ್ದು.

ಎಷ್ಟು ಕೂಡಿಸಬೇಕು ಎಂದು ಕೇಳಿದ್ದೀಯಂತೆ. ಇಂಗ್ಲೆಂಡಿನ ರಾಚೆಸ್ಟರ್ ಊರಿನ ವಸ್ತುಸಂಗ್ರಹಾಲಯದಲ್ಲಿ ಬೆಂಜಮಿನ್ ಸೀಟನ್ ಎಂಬವನ ಹತಾರದ ಪೆಟ್ಟಿಗೆಯಿದೆ. 1796ರಲ್ಲಿ ಅವನ ತಂದೆ ಮಗನಿಗೆಂದು ಬಡಗಿಯ ಹತಾರಗಳ ಪೂರ್ತಿ ಜೋಡಣೆ ಕೊಡಿಸಿದ. ಮಗ ಚೆಂದದ ಪೆಟ್ಟಿಗೆ ಮಾಡಿ, ಪಟ್ಟಿ ಬರೆದು, ಎಲ್ಲವನ್ನೂ ಜೋಡಿಸಿಟ್ಟ. ಹೆಚ್ಚು ಬಳಸಲಿಲ್ಲ. ಬಳಸದೆ ಉಳಿದದ್ದರಿಂದಲೇ ಆ ಕಾಲದ ಹತಾರ ಹೊಸದಾಗಿದ್ದಾಗ ಹೇಗಿತ್ತೆಂದು ಇವತ್ತು ನಮಗೆ ತಿಳಿಯುತ್ತದೆ. ವಿದ್ವಾಂಸರಿಗೆ ಅದು ದೊಡ್ಡ ಉಪಕಾರ. ಆದರೆ ಕೊಡಿಸಿದ ತಂದೆಯ ಮನಸ್ಸಿನಲ್ಲಿದ್ದದ್ದು ವಸ್ತುಸಂಗ್ರಹಾಲಯವಲ್ಲ, ಮಗನ ಕೈಕೆಲಸ.

ಕೂಡಿಸುವುದರಲ್ಲೂ ಒಳ್ಳೆಯ ಮಾದರಿಯಿದೆ. ಶೆಫೀಲ್ಡಿನಲ್ಲಿ ಹತಾರದ ಅಂಗಡಿ ನಡೆಸುತ್ತಿದ್ದ ಕೆನ್ ಹಾಲಿ ಎಂಬವರು ಊರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಹತಾರ ಮಾತ್ರ ಎತ್ತಿಡಲಿಲ್ಲ. ಅರ್ಧ ಮುಗಿದ ತುಂಡುಗಳು, ಬೆಲೆಪಟ್ಟಿಗಳು, ಕೆಲಸಗಾರರ ಮಾತು ಎಲ್ಲವನ್ನೂ ಕೂಡಿಸಿದರು. ಇವತ್ತು ಅದು ಶೆಫೀಲ್ಡಿನ ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದಲ್ಲಿದೆ. ನೀನೂ ಒಂದು ನೋಟ್‌ಬುಕ್ ಇಡು. ಯಾವ ಊರಲ್ಲಿ ಸಿಕ್ಕಿತು, ಮಾರಿದವರು ಏನು ಹೇಳಿದರು, ಅವರ ತಾತ ಯಾವ ಕೆಲಸಕ್ಕೆ ಬಳಸುತ್ತಿದ್ದ, ಬರೆದುಕೋ. ಕಥೆ ಕಳೆದುಕೊಂಡ ಹತಾರ ಅರ್ಧ ಹತಾರ.

ಆದ್ದರಿಂದ ನಿನಗೆ ನನ್ನ ಲೆಕ್ಕ ಇದು. ಎರಡು ಉಳಿ, ಒಂದು ಉಜ್ಜುಗೊರಡು, ಒಂದು ಗರಗಸ, ಒಂದು ಸಾಣೆಕಲ್ಲು. ಇವುಗಳಿಂದ ಮುಚ್ಚಳವಿರುವ ಒಂದು ಪೆಟ್ಟಿಗೆ ಮಾಡಿ ಮುಗಿಸುವ ತನಕ ಆರನೆಯದನ್ನು ಕೊಳ್ಳಬೇಡ. ಮಸೆಯಲು ಬಾರದವಳಿಗೆ ಜಗತ್ತಿನ ಅತ್ಯುತ್ತಮ ಉಳಿಯೂ ಒಂದು ವಾರದ ಉಳಿ, ಮಸೆಯಲು ಬಂದವಳಿಗೆ ಸಾಧಾರಣ ಉಳಿಯೂ ಜೀವಮಾನದ್ದು. ಕೊರತೆ ಕಂಡಾಗ ಕೊಳ್ಳು, ಆಸೆ ಕಂಡಾಗ ಒಂದು ತಿಂಗಳು ಕಾಯಿ. ಒಂದೇ ಬಗೆಯ ಎರಡು ನಿನ್ನಲ್ಲಿ ಸೇರಿದ ದಿನ, ಕಡಿಮೆಯದನ್ನಲ್ಲ, ಒಳ್ಳೆಯದನ್ನೇ ಅದರಿಂದ ಅನ್ನ ಸಂಪಾದಿಸುವ ಒಬ್ಬ ಎಳೆಯ ಬಡಗಿಗೆ ಕೊಡು. ಬೆನ್ನು ಹೇಗೆ ನೋಡಬೇಕು, ಅಲಗು ಹೇಗೆ ಮಸೆಯಬೇಕು ಎಂದು ಜೊತೆಗೆ ಕೂತು ಹೇಳಿಕೊಡು. ಹಾಗೆ ಕೊಡಬಲ್ಲೆಯಾದರೆ ನಿನಗೆ ಹತಾರದ ಬೆಲೆ ನಿಜಕ್ಕೂ ಗೊತ್ತಾಗಿದೆ ಎಂದು ನಾನು ತಿಳಿಯುತ್ತೇನೆ.

ನಿನ್ನ ದೊಡ್ಡಪ್ಪ