ಬೆಳ್ಳಿಯ ಕಣ ಮತ್ತು ಹಠಮಾರಿ ಬ್ಯಾಕ್ಟೀರಿಯಾ

ಕಳೆದ ವರ್ಷ ಉಮ್ಮನ ಕಾಲಿನ ಗಾಯ ವಾಸಿಯಾಗದಿದ್ದಾಗ ಕೀವಿನ ಕಲ್ಚರ್ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಸಾಲಾಗಿ ಆ್ಯಂಟಿಬಯಾಟಿಕ್‌ಗಳ ಹೆಸರು. ಹೆಚ್ಚಿನವುಗಳ ಮುಂದೆ 'ಆರ್' ಎಂಬ ಅಕ್ಷರ. ಅಂದರೆ ರೆಸಿಸ್ಟೆಂಟ್, ಆ ಔಷಧಿ ನಾಟುವುದಿಲ್ಲ. ನೆಗಡಿಗೂ ಮೆಡಿಕಲ್‌ನಿಂದ ಆ್ಯಂಟಿಬಯಾಟಿಕ್ ತಂದು ನುಂಗುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು.

ಪೆನಿಸಿಲಿನ್ ತಡೆಯುವುದು ಬ್ಯಾಕ್ಟೀರಿಯಾ ಕೋಶಭಿತ್ತಿ ಕಟ್ಟುವ ಒಂದು ಕೆಲಸವನ್ನು. ಪೆನಿಸಿಲಿನ್ನನ್ನೇ ಸೀಳುವ ಕಿಣ್ವವಿದ್ದರೆ ಬ್ಯಾಕ್ಟೀರಿಯಾ ಪಾರು. ಬೆಳ್ಳಿಯ ನ್ಯಾನೊಕಣದ ದಾರಿ ಬೇರೆ. ಅದರಿಂದ ಹೊರಬರುವ ಬೆಳ್ಳಿಯ ಅಯಾನುಗಳು ಕೋಶಪೊರೆಯನ್ನು ಕೆಡಿಸುತ್ತವೆ, ಪ್ರೋಟೀನಿನಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಕಿಣ್ವಗಳ ಕೆಲಸ ನಿಲ್ಲಿಸುತ್ತವೆ. ಒಂದೇ ಹೊತ್ತಿಗೆ ಹಲವು ಕಡೆ ಪೆಟ್ಟು.

ಅಷ್ಟು ಸಣ್ಣ ಕಣವೇ ಏಕೆ? ನೀವೇ ಲೆಕ್ಕ ಮಾಡಿ ನೋಡಿ. 1 ಸೆಂ.ಮೀ. ಬದಿಯ ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನು 10 ನ್ಯಾನೊಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್! ನಂಬಿಕೆ ಬಾರದೆ ನಾನು ಮೂರು ಸಲ ಲೆಕ್ಕ ಹಾಕಿದೆ. ಮೇಲ್ಮೈ ಹೆಚ್ಚಿದಷ್ಟೂ ಅಯಾನುಗಳು ಬೇಗ ಹೊರಬರುತ್ತವೆ.

ಹಾಗೆಂದು ಇದು ಮಾತ್ರೆಯಂತೆ ನುಂಗುವ ಔಷಧಿಯಲ್ಲ. ಈಗ ಮುಖ್ಯ ಬಳಕೆ ಗಾಯಕ್ಕೆ ಕಟ್ಟುವ ಪಟ್ಟಿಗಳಲ್ಲಿ. ಪ್ರಮಾಣ ಮೀರಿದರೆ ನಮ್ಮ ಜೀವಕೋಶಗಳಿಗೂ ಹಾನಿ. ಬೆಳ್ಳಿಗೂ ಜಗ್ಗದ ಬ್ಯಾಕ್ಟೀರಿಯಾಗಳಿವೆ. ಅಂಥ ಸಾಲ್ಮೊನೆಲ್ಲಾ ಅಮೆರಿಕದ ಸುಟ್ಟಗಾಯದ ವಾರ್ಡಿನಲ್ಲಿ ಸಿಕ್ಕಿದ್ದು 1975ರಲ್ಲೇ ವರದಿಯಾಗಿತ್ತು.

ಉಮ್ಮನಿಗೆ ಕೊನೆಗೆ, ವರದಿಯಲ್ಲಿ 'ಎಸ್' ಎಂದಿದ್ದ ಒಂದು ಇಂಜೆಕ್ಷನ್ ಹಿಡಿಯಿತು. ಆ ಹಾಳೆ ಈಗಲೂ ನನ್ನ ಬಯಾಲಜಿ ನೋಟ್‌ಬುಕ್ಕಿನೊಳಗಿದೆ.