ಕೊರ್ಬಾನ್ ಎಂದು ಹೇಳಿ ತಂದೆತಾಯಿಯನ್ನು ಬಿಡಬಹುದೇ?

ವಾಕ್ಯಭಾಗ: ಮಾರ್ಕ 7:9-13

ಸತ್ಯವೇದ ತೆಗೀರಿ, ಮಾರ್ಕ 7ನೇ ಅಧ್ಯಾಯ.

ಯೇಸುಸ್ವಾಮಿ ಇಲ್ಲಿ ಫರಿಸಾಯರನ್ನು ಖಂಡಿಸುತ್ತಾನೆ. ಯಾಕೆ? ಮಗನಾದವನು ತನ್ನ ಹಣವನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಅಂತ ಹೇಳಿಬಿಟ್ಟರೆ ಸಾಕು, ಅದರಿಂದ ಅಪ್ಪ ಅಮ್ಮನಿಗೆ ಏನೂ ಮಾಡೋ ಹಾಗಿರಲಿಲ್ಲ. ಹೆಸರು ದೇವರದ್ದು, ಹಸಿವು ತಾಯಿಯದ್ದು! ತಂದೆತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆ ಚಿಕ್ಕ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೇವೆ. ಯೇಸು ಅದನ್ನು ದುಡಿಯುವ ಮಕ್ಕಳಿಗೆ ಅನ್ವಯಿಸಿದನು.

2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. 2007ರಲ್ಲಿ ಸರ್ಕಾರ ಪೋಷಕರ ಪಾಲನೆಗೆ ಕಾನೂನೇ ತಂತು. ದೇವರ ಆಜ್ಞೆಯನ್ನು ಕೋರ್ಟಿನಿಂದ ನೆನಪಿಸಬೇಕಾಯಿತು, ಯೋಚನೆ ಮಾಡಿ.

ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಕಾಣಿಕೆ. ಅಮ್ಮನ ಬಿಪಿ ಮಾತ್ರೆಯ ದುಡ್ಡನ್ನು ಕಾಣಿಕೆ ಪೆಟ್ಟಿಗೆಗೆ ಹಾಕಬೇಡಿ. ಪಾಸ್ಟರ್ ಆಗಿ ನಾನೇ ಹೇಳ್ತಿದ್ದೇನೆ. ಮೊದಲು ಮಾತ್ರೆ ತಂದುಕೊಡಿ. ಗುಣವಾಗಲೆಂದು ಪ್ರಾರ್ಥಿಸೋಣ, ಆದರೆ ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಎರಡನೆಯದು, ಆಸ್ತಿ. ನೋಡಿಕೊಳ್ತೀನಿ ಅಂತ ದಾನಪತ್ರ ಬರೆಸಿಕೊಂಡು ಆಮೇಲೆ ಕೈಬಿಡುವುದು ಕಳ್ಳತನವೇ. ಹಿರಿಯರೇ, ಸಹಿ ಹಾಕುವ ಮುಂಚೆ ಪಾಲನೆಯ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ ಆ ಕಾನೂನಿನ 23ನೇ ಸೆಕ್ಷನ್ ಪ್ರಕಾರ ಪತ್ರ ರದ್ದಾಗಬಹುದು. ಇದು ಅವಿಶ್ವಾಸವಲ್ಲ, ವಿವೇಕ. ಕಷ್ಟದಲ್ಲಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಮೂರನೆಯದು, ಹೊರೆ. ಮನೆ ಭೇಟಿಗೆ ಹೋದಾಗ ನಾನು ನೋಡೋದೇನು? ಮಲಗಿದಲ್ಲೇ ಇರುವ ಅತ್ತೆಯನ್ನು ತೊಳೆದು ಬಳಿದು ನೋಡಿಕೊಳ್ಳೋಳು ಸೊಸೆ, "ನಾವು ನೋಡಿಕೊಳ್ತೀವಿ" ಅನ್ನೋನು ಮಗ. ಸಹೋದರರೇ, ಆಜ್ಞೆ ನಿಮಗೂ ಇದೆ! ರಾತ್ರಿ ನೀವೂ ಎದ್ದೇಳಿ.

ಹಾಗಾದರೆ ಬೆಂಗಳೂರಲ್ಲೋ ದುಬೈಯಲ್ಲೋ ಕೆಲಸ ಇರುವವರು ಏನು ಮಾಡಬೇಕು? ಯೋಹಾನ 19:26-27 ನೋಡಿ. ಶಿಲುಬೆಯ ಮೇಲೆ, ಅಷ್ಟು ನೋವಿನಲ್ಲೂ ಕರ್ತನು ತಾಯಿಯನ್ನು ಮರೆಯಲಿಲ್ಲ. ಇಂಥವನೇ ನೋಡಿಕೊಳ್ಳಬೇಕು ಅಂತ ಶಿಷ್ಯನಿಗೆ ಒಪ್ಪಿಸಿದನು. ನೀವು ಇರಲಾಗದಿದ್ದರೆ ನಂಬಿಕಸ್ಥರನ್ನು ಗೊತ್ತುಮಾಡಿ. ಆದರೆ ಅಪ್ಪ ಅಮ್ಮನನ್ನು ಕೇಳಿ ಮಾಡಿ. ವಯಸ್ಸಾದವರಿಗೂ ಇಷ್ಟಾನಿಷ್ಟ ಇದೆ.

ಮಕ್ಕಳೇ ಇಲ್ಲದವರು? 1 ತಿಮೊಥೆಯ 5:16ರ ಪ್ರಕಾರ ದಿಕ್ಕಿಲ್ಲದ ವಿಧವೆಯರು ಸಭೆಯ ಪಾಲು. ಈ ವಾರ ನಿಮ್ಮ ಬೀದಿಯಲ್ಲಿ ಅಂಥವರು ಯಾರಿದ್ದಾರೆ ಅಂತ ನೋಡಿ ನನಗೆ ತಿಳಿಸಿ. ನಾವು ಸೇರಿ ಹೋಗೋಣ.

ಎಲ್ಲರೂ ತಲೆಬಾಗಿ ಪ್ರಾರ್ಥಿಸೋಣ. ತಂದೆಯೇ, ನಮ್ಮನ್ನು ಹೊತ್ತ ಕೈಗಳು ಈಗ ನಡುಗುತ್ತಿವೆ. ಅವುಗಳನ್ನು ಹಿಡಿಯುವ ಮನಸ್ಸು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.